ತಿರುಗು ಸೇತುವೆಯ ಬಿಳಿ ತುದಿ

ಕಳೆದ ತಿಂಗಳು ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ನಾನು ಮೊಬೈಲನ್ನು ಆರತಿ ತಟ್ಟೆಯ ಹಾಗೆ ಅಂಗೈ ಮೇಲೆ ಹಿಡಿದುಕೊಂಡು ನಿಂತಲ್ಲೇ ಮೂರು ಸುತ್ತು ತಿರುಗಿದೆ. ಮ್ಯಾಪಿನಲ್ಲಿ ಒಂದು ನೀಲಿ ಬಾಣ ಇರುತ್ತದಲ್ಲ, ಅದು ತೋರಿಸಿದ ಕಡೆಗೆ ಮುಖ ಮಾಡಿ ನಡೆದರೆ ಸಾಕು ಎಂದು ಮಗಳು ಹೇಳಿಕೊಟ್ಟು ಕಳಿಸಿದ್ದಳು. ನಾನು ಅದರ ಕಡೆಗೆ ಮುಖ ಮಾಡಿದರೆ ಬಾಣವೂ ಮುಖ ತಿರುಗಿಸಿತು. ಮತ್ತೆ ತಿರುಗಿದೆ, ಅದೂ ತಿರುಗಿತು. ಶೇಂಗಾ ಮಾರುವ ಹೆಂಗಸೊಬ್ಬಳು ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದವಳು ಕೊನೆಗೆ ತಡೆಯಲಾರದೆ ಕೇಳಿದಳು.

"ಏನ್ ಕಳಕೊಂಡೀರಿ ಅಕ್ಕಾರ?"

"ಏನಿಲ್ಲಬೇ. ಉತ್ತರ ಯಾವ ಕಡಿ ಐತಿ ಅಂತ ನೋಡಾಕತ್ತೀನಿ."

ಅವಳು ಪಕ್ಕದ ಬಾಳೆಹಣ್ಣಿನವನ ಮುಖ ನೋಡಿದಳು. ಅವನು ಉತ್ತರ ಈ ಕಡೆ ಎಂದ, ಅವಳು ಆ ಕಡೆ ಎಂದಳು. ಇಬ್ಬರಿಗೂ ಸಣ್ಣ ಜಗಳ ಹತ್ತಿತು. ನಾನು ಮೆಲ್ಲಗೆ ಜಾರಿಕೊಂಡೆ.

ನನ್ನ ಉದ್ಯೋಗ ಏನೆಂದು ಹೇಳಿದರೆ ನೀವು ನಗಬಾರದು. ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅದರಲ್ಲಿ ಅರ್ಧ ಭೂಗೋಳ. ಗೋಡೆಗೆ ನಕಾಶೆ ತೂಗುಹಾಕಿದರೆ ನನ್ನಷ್ಟು ಧೈರ್ಯವಂತರು ಇಲ್ಲ. ಮೇಲೆ ಉತ್ತರ, ಕೆಳಗೆ ದಕ್ಷಿಣ, ಕಡ್ಡಿ ತೋರಿಸಿ ಗಡಗಡ ಹೇಳುತ್ತೇನೆ. ಅದೇ ಭೂಮಿ ಗೋಡೆಯಿಂದ ಇಳಿದು ಕಾಲ ಕೆಳಗೆ ಬಂತೋ, ನನ್ನ ವಿದ್ಯೆ ಮುಗಿಯಿತು. ಒಮ್ಮೆ ಮಕ್ಕಳನ್ನು ಗುಡೇಕೋಟೆಯ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಕೋಟೆ ಬೆನ್ನ ಹಿಂದೆ ಬೆಟ್ಟದಷ್ಟು ನಿಂತಿರುವಾಗ ನಾನು ಇಡೀ ತರಗತಿಯನ್ನು ಎದುರಿನ ಕುರುಚಲು ಕಾಡಿನೊಳಗೆ ನಡೆಸಿಕೊಂಡು ಹೊರಟಿದ್ದೆ. ಕುರಿ ಕಾಯುತ್ತಿದ್ದ ಮುದುಕರೊಬ್ಬರು ಅಡ್ಡ ಬಂದು, "ಮೇಡಮ್ಮಾರ, ಈ ಹುಡುಗ್ರನ್ನ ಕರಡೀಗೆ ತೋರ್ಸಾಕ ಹೊಂಟೀರೇನ್ರಿ?" ಎಂದು ಕೇಳಿದ ಮೇಲೆ ತಿರುಗಿದೆವು. ಇನ್ನೊಮ್ಮೆ ಹಿರೇಹಡಗಲಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದವಳು, ಕೈ ತೊಳೆಯಲು ಹೊರಗೆ ಬಂದು, ಮರಳುವಾಗ ಪಕ್ಕದ ಮನೆಗೆ ನುಗ್ಗಿ, ಅಲ್ಲಿ ಚಹಾ ಕುಡಿದು, ಮನೆ ಚೆನ್ನಾಗಿ ಕಟ್ಟಿಸಿದ್ದೀರಿ ಎಂದು ಹೊಗಳಿಯೂ ಬಂದೆ. ಪಾಪ, ಅವರ ಮನೆ ಸೋರುತ್ತಿತ್ತಂತೆ. ಅಷ್ಟು ಖುಷಿಪಟ್ಟರು.

ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಇದಕ್ಕೆ ಮೂಲ ಒಂದು ಸೇತುವೆ. ಹಾಗಂತ ನಾನು ನಂಬಿದ್ದೇನೆ.

ಕೊಟ್ಟೂರು ಸೀಮೆಯಲ್ಲಿ ನಮ್ಮದೊಂದು ಸಣ್ಣ ಊರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಅಲ್ಲಿ ಏನೂ ಕಾಣದೆ ನನ್ನನ್ನು ಬೈಯುತ್ತೀರಿ. ರೈಲಿನ ಹಳಿ ಅಲ್ಲಿಗೆ ಬಂದು ಮುಗಿಯುತ್ತಿತ್ತು. ದಿನಕ್ಕೊಂದು ರೈಲು ಉಗಿ ಬಿಡುತ್ತ ಬಂದು ನಿಲ್ಲುತ್ತಿತ್ತು. ಬಂದ ಇಂಜಿನ್ನು ವಾಪಸು ಹೋಗಬೇಕಲ್ಲ, ಅದಕ್ಕೆ ಅದರ ಮುಖ ತಿರುಗಿಸಬೇಕು. ಹಿಂದು ಮುಂದಾಗಿಯೂ ಓಡುತ್ತದಂತೆ, ಆದರೆ ಡ್ರೈವರಿಗೆ ದಾರಿ ಸರಿಯಾಗಿ ಕಾಣುವುದಿಲ್ಲವಂತೆ. ಹಾಗಾಗಿ ಸ್ಟೇಷನ್ನಿನ ಆಚೆ, ಬೇವಿನ ಮರದ ಹತ್ತಿರ, ಒಂದು ತಿರುಗುವ ಕಬ್ಬಿಣದ ಸೇತುವೆ ಇಟ್ಟಿದ್ದರು.

ಅದು ಹೇಗಿತ್ತೆಂದರೆ, ಮೊದಲು ಒಂದು ದುಂಡನೆಯ ಗುಂಡಿ. ಆಳಿನ ಎದೆಯಷ್ಟು ಆಳ, ಸುತ್ತ ಕಲ್ಲಿನ ಗೋಡೆ. ಗುಂಡಿಯ ನಡುಮಧ್ಯೆ ಕಲ್ಲಿನ ದಿಮ್ಮಿ, ಅದರ ಮೇಲೆ ಬಟ್ಟಲಿನಂಥ ಒಂದು ಕಬ್ಬಿಣದ ಗೂಡು. ಗುಂಡಿಯ ಈ ದಡದಿಂದ ಆ ದಡಕ್ಕೆ ಚಾಚಿದ ಎರಡು ಉದ್ದನೆಯ ತೊಲೆಗಳು ಆ ಬಟ್ಟಲಲ್ಲಿ ಕೂತಿದ್ದವು. ತೊಲೆಗಳ ಮೇಲೆ ಹಳಿ, ಹಳಿಯ ಪಕ್ಕ ನಡೆಯಲು ಹಲಗೆ. ಎರಡೂ ತುದಿಗಳ ಕೆಳಗೆ ಸಣ್ಣ ಗಾಲಿಗಳು, ಅವು ಗುಂಡಿಯ ಅಂಚಿನ ದುಂಡು ಹಳಿಯ ಮೇಲೆ ಓಡುತ್ತಿದ್ದವು. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಕಪ್ಪೆಗಳು ಕೂಗುವಾಗ ಮಾತ್ರ ಅದು ನಿಜವಾದ ಸೇತುವೆಯಂತೆ ಕಾಣುತ್ತಿತ್ತು.

ಇಂಜಿನ್ನು ಬಂದು ಅದರ ಮೇಲೆ ನಿಲ್ಲುತ್ತಿತ್ತು. ಸುಮ್ಮನೆ ನಿಂತರೆ ಆಗದು, ಭಾರವೆಲ್ಲ ನಡುವಿನ ಬಟ್ಟಲ ಮೇಲೆ ಕೂರಬೇಕು. ಗೇಣು ಮುಂದಾದರೂ ಸೇತುವೆ ಅಲ್ಲಾಡದು, ಗೇಣು ಹಿಂದಾದರೂ ಅಲ್ಲಾಡದು. ಸರಿಯಾಗಿ ಕೂತಿತೋ, ಅಷ್ಟು ದೊಡ್ಡ ಇಂಜಿನ್ನನ್ನು ಇಬ್ಬರೇ ಇಬ್ಬರು, ತುದಿಗೊಬ್ಬರಂತೆ ನಿಂತು, ಉದ್ದನೆಯ ಮರದ ಗಳಕ್ಕೆ ಎದೆ ಕೊಟ್ಟು ನೂಕಿಬಿಡುತ್ತಿದ್ದರು. ಆ ಇಬ್ಬರಲ್ಲಿ ಒಬ್ಬರು ನನ್ನ ಅಪ್ಪ ದುರುಗಪ್ಪ. ಇನ್ನೊಬ್ಬರು ಕೊಟ್ರಪ್ಪ ಕಾಕ.

ಸೇತುವೆಯ ಇತಿಹಾಸ ಕೇಳಬೇಡಿ, ಅದು ನನಗಿಂತ ಗೊಂದಲದ್ದು. ಅದು ಮದರಾಸಿನಿಂದ ಬಂತು ಎಂದು ಅಪ್ಪ ಹೇಳುತ್ತಿದ್ದ. ಮದರಾಸಿಗೂ ಅದು ಹಡಗಿನಲ್ಲಿ ಬಂದದ್ದು, ಮೊದಲು ಯಾವುದೋ ಸಮುದ್ರದ ಊರಿನ ಕಾಲುವೆ ಮೇಲೆ ಇತ್ತು, ದೋಣಿ ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತಿತ್ತು ಎಂದು ಸ್ಟೇಷನ್ ಮಾಸ್ತರರು ಹೇಳುತ್ತಿದ್ದರು. ತೊಲೆಗಳಲ್ಲಿ ಇಲ್ಲಿನ ಯಾವ ಮೊಳೆಗೂ ಹೊಂದದ ತೂತುಗಳಿದ್ದವು, ಒಂದು ಕಡೆ ಕತ್ತರಿಸಿ ಗಿಡ್ಡ ಮಾಡಿದ ಗುರುತೂ ಇತ್ತು. ಹಾಗಾಗಿ ಮಾಸ್ತರರ ಮಾತು ಸುಳ್ಳೂ ಇರಲಿಕ್ಕಿಲ್ಲ. ನೀರು ನೋಡಿ ಬೆಳೆದ ಸೇತುವೆ ಈ ಒಣ ಸೀಮೆಗೆ ಬಂದು ದಿನಕ್ಕೊಂದು ಇಂಜಿನ್ನು ಹೊರುವುದೆಂದರೆ ನನಗೆ ಆಗ ಬಹಳ ಕನಿಕರ ಅನಿಸುತ್ತಿತ್ತು. ತೊಲೆಗೆ ಒಂದು ಬೀಡುಕಬ್ಬಿಣದ ತಗಡು ಬಡಿದಿತ್ತು. ಅದರ ಮೇಲೆ ಉಬ್ಬು ಅಕ್ಷರಗಳಿದ್ದವು. ಮಾಡಿದವರ ಹೆಸರು ಇರಬೇಕು. ನನಗೆ ಇಂಗ್ಲಿಷ್ ಓದಲು ಬರುವ ಹೊತ್ತಿಗೆ ಅದರ ಮೇಲೆ ಡಾಂಬರು ಬಳಿದುಬಿಟ್ಟಿದ್ದರು. ಈಚೆಗೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಲೋಕದಲ್ಲಿ ಇಷ್ಟೊಂದು ಸೇತುವೆಗಳು ತಿರುಗುತ್ತವೆ ಎಂದು ಗೊತ್ತಾಗಿ ತಲೆಯೂ ಅವುಗಳ ಜೊತೆ ತಿರುಗಿತು. ನಮ್ಮದು ಎಲ್ಲೂ ಸಿಗಲಿಲ್ಲ.

ಆ ಸೇತುವೆಗೆ ಎರಡು ಬಣ್ಣ. ಒಂದು ತುದಿಗೆ ಕೆಮ್ಮಣ್ಣು, ಇನ್ನೊಂದು ತುದಿಗೆ ಸುಣ್ಣ. ಎರಡೂ ತುದಿಗಳು ನೋಡಲು ಒಂದೇ ಥರ ಇದ್ದದ್ದರಿಂದ ಈ ಏರ್ಪಾಡು. ಕೆಂಪು ತುದಿ ಅಪ್ಪನದು, ಬಿಳಿ ತುದಿ ಕೊಟ್ರಪ್ಪ ಕಾಕನದು. ಮಾಸ್ತರರ ಕೋಣೆಯ ಗೋಡೆ ಮೇಲೂ ಹಾಗೇ ಬರೆದಿತ್ತು. ಸೇತುವೆ ಅರ್ಧ ಸುತ್ತು ತಿರುಗಿ ನಿಂತ ಮೇಲೆ, ಸ್ಟೇಷನ್ ಕಡೆಗೆ ಯಾರ ತುದಿ ಬಂದಿದೆಯೋ ಅವರು ಅಲ್ಲಿ ಒಂದು ಕಬ್ಬಿಣದ ಕೀಲು ಇಳಿಬಿಡಬೇಕು. ಕೀಲು ಬಿದ್ದರೆ ಸೇತುವೆ ಅಲುಗುವುದಿಲ್ಲ. ಕೀಲು ಹಾಕಿದವರು ಕೈ ಎತ್ತಬೇಕು. ಕೈ ಎತ್ತಿದರೆ ಡ್ರೈವರು ಇಂಜಿನ್ನನ್ನು ಇಳಿಸುತ್ತಾನೆ. ಇಂದು ಕೆಂಪು ಬಂದರೆ ನಾಳೆ ಬಿಳಿ. ಹೀಗೆ ಒಂದು ದಿನ ಅಪ್ಪನ ಪಾಳಿ, ಒಂದು ದಿನ ಕಾಕನ ಪಾಳಿ.

ರಜೆಯ ದಿನ ನಾನು ಆ ಹಲಗೆ ಮೇಲೆ ಕೂತು ಒಂದು ಅರ್ಧ ಸುತ್ತು ಹೋಗುತ್ತಿದ್ದೆ. ಹಾಗೆ ಕೂರುವುದು ತಪ್ಪು, ಯಾರಿಗೂ ಗೊತ್ತಾಗಬಾರದು ಎಂದು ಅಪ್ಪ ಹೇಳಿದ್ದ. ಕಣ್ಣು ಮುಚ್ಚಿ ಕೂತರೆ ಸೇತುವೆ ತಿರುಗಿದ್ದೇ ತಿಳಿಯುತ್ತಿರಲಿಲ್ಲ. ಕಣ್ಣು ಬಿಟ್ಟಾಗ ಬೇವಿನ ಮರ ಇದ್ದ ಕಡೆ ಸ್ಟೇಷನ್ನು, ಸ್ಟೇಷನ್ನು ಇದ್ದ ಕಡೆ ಬೇವಿನ ಮರ. ಇಳಿದವಳೇ ಮನೆ ಎಂದು ಹೊಲದ ಕಡೆಗೆ ಓಡುತ್ತಿದ್ದೆ. ಹಿಂದಿನಿಂದ ಕೊಟ್ರಪ್ಪ ಕಾಕ ನಕ್ಕು ಕೂಗುತ್ತಿದ್ದ.

"ಆ ಕಡಿ ಅಲ್ಲಬೇ ರೇಣಿ, ಈ ಕಡಿ! ಲೇ ದುರುಗ, ನಿನ್ನ ಮಗಳು ಕೊಟ್ಟೂರಿಗೆ ಹೊಂಟಾಳ ನೋಡಲೇ!"

ಅವತ್ತು ತಿರುಗಿದ ತಲೆ ಇವತ್ತಿಗೂ ನೆಟ್ಟಗೆ ನಿಂತಿಲ್ಲ.

ಪ್ರತಿ ವರ್ಷ ಆಯುಧ ಪೂಜೆಗೆ ಸೇತುವೆಗೆ ಹೊಸ ಬಣ್ಣ. ತೊಳೆದು, ಅವರವರ ತುದಿಗೆ ಅವರವರ ಬಣ್ಣ ಬಳಿದು, ಕುಂಬಳಕಾಯಿ ಒಡೆಯುತ್ತಿದ್ದರು. ನನಗೆ ಒಂಬತ್ತು ವರ್ಷವಾದಾಗ ಬಣ್ಣ ಬಳಿಯುವ ಕೆಲಸ ನನಗೇ ಬೇಕೆಂದು ಹಟ ಹಿಡಿದೆ. ಅಪ್ಪ ಕೊಟ್ಟ. ಆ ವರ್ಷ ಮಳೆ ಚೆನ್ನಾಗಿ ಹೊಡೆದು ಹಳೆಯ ಬಣ್ಣ ಪೂರ್ತಿ ತೊಳೆದುಹೋಗಿತ್ತು. ನಾನು ಈಚಲು ಕುಂಚ ಹಿಡಿದು, ಒಂದು ಕಡೆ ಕೆಮ್ಮಣ್ಣು, ಇನ್ನೊಂದು ಕಡೆ ಸುಣ್ಣ, ಮೈಗೆಲ್ಲ ಎರಡೂ ಬಳಿದುಕೊಂಡು ಮನೆಗೆ ಬಂದು ಅವ್ವನ ಕೈಲಿ ಬೈಸಿಕೊಂಡೆ. ಆ ದಿನದ ಹೆಮ್ಮೆ ಇನ್ನೂ ನೆನಪಿದೆ.

ಅದಾದ ನಾಲ್ಕಾರು ದಿನಕ್ಕೆ, ದಸರಾ ರಜೆ ಇನ್ನೂ ಮುಗಿದಿರಲಿಲ್ಲ, ಇಂಜಿನ್ನು ಬಿತ್ತು.

ನಾನು ಸೇತುವೆಯ ಮೇಲೆಯೇ ಇದ್ದೆ. ಇಷ್ಟು ನೆನಪು: ಕಣ್ಣು ಮುಚ್ಚಿದ್ದೆ. ತಲೆ ಎಂದಿಗಿಂತ ಹೆಚ್ಚು ಸುತ್ತುತ್ತಿತ್ತು. ಆಮೇಲೆ ಅಪ್ಪನ ಕಂಕುಳಲ್ಲಿದ್ದೆ, ಗ್ರೀಸಿನ ವಾಸನೆ. ಆಮೇಲೆ ಭೂಮಿ ಅದುರಿದ ಸದ್ದು. ಸೇತುವೆ ನಾಲ್ಕು ಬೆರಳು ಸರಿದಿತ್ತು, ಇಂಜಿನ್ನಿನ ಮುಂದಿನ ಗಾಲಿಗಳು ಹಳಿ ತಪ್ಪಿ ಮಣ್ಣಲ್ಲಿ ಕೂತಿದ್ದವು. ಯಾರಿಗೂ ಗಾಯವಾಗಲಿಲ್ಲ. ಕೀಲು ಮಾತ್ರ ಹಾಕಿರಲಿಲ್ಲ.

ಮರುದಿನ ದೊಡ್ಡ ಸ್ಟೇಷನ್ನಿಂದ ಒಬ್ಬ ಸಾಹೇಬರು ಬಂದರು. ಅಷ್ಟರಲ್ಲಿ ಇಂಜಿನ್ನನ್ನು ಎತ್ತಿ, ಸೇತುವೆಯನ್ನು ಹಿಂದೆ ಮುಂದೆ ತಿರುಗಿಸಿ ಆಗಿತ್ತು. ಬೀಳುವಾಗ ಸ್ಟೇಷನ್ ಕಡೆ ಯಾರ ತುದಿ ಇತ್ತು ಎಂಬುದಕ್ಕೆ ಗುರುತು ಉಳಿದಿರಲಿಲ್ಲ, ಪಾಳಿಯನ್ನು ಯಾರೂ ಬರೆದಿಡುತ್ತಿರಲಿಲ್ಲ. ಡ್ರೈವರಿಗೆ ಉಗಿಯ ನಡುವೆ ಎತ್ತಿದ ಕೈಯೊಂದೇ ಕಂಡಿತ್ತು, ಅದು ಯಾರದೆಂದಾಗಲಿ ತುದಿಯ ಬಣ್ಣವಾಗಲಿ ಕಂಡಿರಲಿಲ್ಲ. ಅಪ್ಪ ಮತ್ತು ಕಾಕ ಇಬ್ಬರೂ ತಲೆ ತಗ್ಗಿಸಿ ನಿಂತರು, ಒಬ್ಬರ ಮೇಲೊಬ್ಬರು ಹೇಳಲಿಲ್ಲ. ಆಗ ಯಾರೋ, ಈ ಹುಡುಗಿ ಅಲ್ಲೇ ಬೇವಿನ ಮರದ ಹತ್ತಿರ ನಿಂತಿದ್ದಳು ಎಂದರು. ಸಾಹೇಬರು ಒಳ್ಳೆಯವರೇ. ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದುಕೊಟ್ಟು ಮೆತ್ತಗೆ ಕೇಳಿದರು.

"ಹೆದರಬೇಡ ಮಗು. ಇಂಜಿನ್ ಬಿದ್ದಾಗ ಸ್ಟೇಷನ್ ಕಡೆ ಯಾವ ಬಣ್ಣ ಇತ್ತು?"

ನಾನು "ಬಿಳಿ" ಎಂದೆ.

ಹದಿನೈದು ದಿನದಲ್ಲಿ ಕೊಟ್ರಪ್ಪ ಕಾಕನನ್ನು ಎಲ್ಲೋ ದೂರದ ಗ್ಯಾಂಗಿಗೆ ಹಾಕಿದರು. ಬಿಸಿಲಲ್ಲಿ ಹಳಿ ಎತ್ತಿ ಜಲ್ಲಿ ಬಡಿಯುವ ಕೆಲಸ. ಹೋಗುವ ಮುಂಚೆ ಮನೆಗೆ ಬಂದು ನನ್ನ ಗಲ್ಲ ಹಿಂಡಿ, "ಚೊಲೋತ್ನಾಗಿ ಓದವ್ವ" ಎಂದು ಹೇಳಿ ಹೋದ. ಅಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಎದ್ದು ಬಾಗಿಲ ತನಕವೂ ಹೋಗಲಿಲ್ಲ.

ಈಗ ನಿಮಗೆ ನನ್ನ ಸಂಕಟ ಅರ್ಥವಾಗಿರಬೇಕು. ನಾನು ಬಿಳಿ ಎಂದದ್ದು ಏಕೆ? ನೋಡಿ ಹೇಳಿದೆನೋ, ಅಪ್ಪನದು ಕೆಂಪು, ಅಪ್ಪ ಉಳಿಯಲಿ ಎಂದು ಹೇಳಿದೆನೋ? ಒಂದೊಂದು ಸಲ ಸುಣ್ಣದ ತುದಿ ಬಿಸಿಲಲ್ಲಿ ಹೊಳೆದದ್ದು ಕಣ್ಣ ಮುಂದೆ ಬಂದಂತಾಗುತ್ತದೆ. ಇನ್ನೊಂದು ಸಲ ಅದು ನಾನೇ ಆಮೇಲೆ ಬಳಿದುಕೊಂಡ ಸುಣ್ಣ ಅನಿಸುತ್ತದೆ. ಪರೀಕ್ಷೆಯಲ್ಲಿ ಸರಿ ಉತ್ತರ ಗುರುತಿಸಿ ಎಂದು ಮಕ್ಕಳಿಗೆ ಪ್ರಶ್ನೆ ಕೊಡುವಾಗಲೆಲ್ಲ ನನ್ನ ಬಾಯಿಗೆ ಆ ಪೆಪ್ಪರ್‌ಮಿಂಟಿನ ರುಚಿ ಬರುತ್ತದೆ. ಅಪ್ಪನನ್ನು ಕೇಳಬಹುದಿತ್ತು. ಕೇಳಲಿಲ್ಲ. ಅಪ್ಪನಿಗೆ ವಯಸ್ಸಾದಂತೆ ಒಂದು ಅಭ್ಯಾಸ ಹತ್ತಿತ್ತು. ಊಟಕ್ಕೆ ಕೂತವನು ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡಿ ಬರುತ್ತಿದ್ದ. ಎರಡು ತುತ್ತು ಉಂಡು ಮತ್ತೆ ಎದ್ದು ಹೋಗುತ್ತಿದ್ದ. ಬಾಗಿಲು ಹಾಕಿದ್ದೇ ಇರಲಿ, ತೆರೆದಿದ್ದೇ ಇರಲಿ, ಮುಟ್ಟಬೇಕು. ನಾವು ಮಕ್ಕಳು ಅವನನ್ನು ಕಾಡಿಸುತ್ತಿದ್ದೆವು. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಸೇತುವೆ ಅದಕ್ಕೂ ಬಹಳ ಮುಂಚೆ ಗುಜರಿಗೆ ಹೋಯಿತು, ಗುಂಡಿ ಮುಚ್ಚಿದರು. ಈಗ ಅದು ಎಲ್ಲಿತ್ತೆಂದು ಊರಲ್ಲಿ ಇಬ್ಬರನ್ನು ಕೇಳಿದರೆ ಎರಡು ಜಾಗ ತೋರಿಸುತ್ತಾರೆ. ನಾನು ಮೂರನೆಯದು ತೋರಿಸುತ್ತೇನೆ.

ಎರಡು ತಿಂಗಳ ಹಿಂದೆ ಕೂಡ್ಲಿಗಿಯಲ್ಲಿ ಒಂದು ಮದುವೆಯಲ್ಲಿ ಕೊಟ್ರಪ್ಪ ಕಾಕನ ಮಗಳು ಸಿಕ್ಕಳು. ತನ್ನ ಅಪ್ಪ ಅವ್ವ ಹರಪನಹಳ್ಳಿಯಲ್ಲಿ ತನ್ನ ಮನೆ ಹತ್ತಿರವೇ ಇದ್ದಾರೆ, ಅಪ್ಪ ನನ್ನನ್ನು ಆಗಾಗ ನೆನೆಸುತ್ತಿರುತ್ತಾನೆ ಎಂದಳು. ಆ ರಾತ್ರಿಯೇ ತೀರ್ಮಾನಿಸಿದೆ. ಹೋಗಬೇಕು, ಕಾಲು ಹಿಡಿಯಬೇಕು, ನಾನು ಸುಳ್ಳು ಹೇಳಿದ್ದರೂ ಹೇಳಿರಬಹುದು ಎಂದು ಹೇಳಿಬಿಡಬೇಕು. ಕ್ಷಮೆ ಕೇಳುವುದರಲ್ಲೂ ನನಗೆ ಖಚಿತವಿಲ್ಲ, ನೋಡಿ.

ಬರುವ ದಿನವನ್ನು ಕಾಕನ ಮಗಳಿಗೆ ಫೋನಿನಲ್ಲಿ ಹೇಳಿಟ್ಟಿದ್ದೆ. ಆ ದಿನ ಬಸ್ ನಿಲ್ದಾಣದಿಂದ ಜಾರಿಕೊಂಡವಳು ಎರಡು ಓಣಿ ತಪ್ಪಿ, ಮೆಕ್ಕೆಜೋಳದ ಚೀಲ ಹೇರುತ್ತಿದ್ದ ಲಾರಿಯೊಂದನ್ನು ಎರಡು ಸಲ ಸುತ್ತಿ, ಕೊನೆಗೆ ಒಂದು ಮೂಲೆಗೆ ಬಂದೆ. ಅಲ್ಲಿ ಕೋಲೂರಿಕೊಂಡು ಒಬ್ಬ ಮುದುಕ ನನಗೆ ಬೆನ್ನು ಹಾಕದೆ, ನಾನು ಬರುವ ತಪ್ಪು ದಾರಿಯನ್ನೇ ನೋಡುತ್ತ ನಿಂತಿದ್ದ.

"ಬಂದಿ ಏನವ್ವ? ಬಸ್‌ಸ್ಟ್ಯಾಂಡ್ ಆ ಕಡಿ ಐತಿ. ಎಲ್ಲಾರೂ ಆ ಕಡಿಂದ ಬರ್ತಾರ. ನೀನು ಈ ಕಡಿಂದನ ಬರ್ತಿ ಅಂತ ನಂಗ ಗೊತ್ತಿತ್ತು."

ಅದು ಕೊಟ್ರಪ್ಪ ಕಾಕ. ನನಗೆ ಅಲ್ಲೇ ಅಳು ಬಂತು.

ಮನೆ ಸಣ್ಣದು, ಒಪ್ಪವಾಗಿತ್ತು. ಕಾಕನ ಹೆಂಡತಿ ಗೌರಮ್ಮ ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ನಾವು ಒಳಗೆ ಬಂದೆವು. ಕಾಕ ಬಾಗಿಲು ಮುಂದೆ ಮಾಡಿದ. ಚಿಗವ್ವ ನೀರಿನ ತಂಬಿಗೆ ಕೆಳಗಿಡುತ್ತ, ತಿರುಗಿಯೂ ನೋಡದೆ ಕೇಳಿದಳು.

"ಚಿಲಕ ಹಾಕಿದ್ರ್ಯಾ? ಇಲ್ಲಂದ್ರ ಇಂಜಿನ್ ಬೀಳತೈತಿ."

"ಹಾಕೀನಬೇ."

"ನೋಡ್ರಿ ಇನ್ನೊಮ್ಮಿ."

ಕಾಕ ಎದ್ದು ಹೋಗಿ ನೋಡಿ ಬಂದು ಕೂತ. ಚಿಗವ್ವ ನನ್ನ ಕಡೆ ನೋಡಿ ನಕ್ಕಳು. "ಏನ್ ಮಾಡೂದವ್ವ, ಇವ್ರ ಮರವು ನಿಂಗೊತ್ತೈತಲ್ಲ. ಒಂದು ಕೀಲ ಮರತು ನಮ್ಮನ್ನ ಊರೂರು ತಿರುಗಿಸಿದ್ರು. ಅವತ್ತಿಂದ ದಿನಾ ಕೇಳ್ತೀನಿ ನಾನು. ಕೇಳಲಿಲ್ಲಂದ್ರ ನಂಗ ಸಮಾಧಾನ ಇಲ್ಲ." ಅದು ಆ ಮನೆಯ ಹಳೆಯ ತಮಾಷೆ ಎಂದು ಗೊತ್ತಾಗುವಂತಿತ್ತು. ಕಾಕನೂ ನಕ್ಕ. ಆದರೆ ನನಗೆ ಊಟಕ್ಕೆ ಕೂತು ಎದ್ದು ಹೋಗುತ್ತಿದ್ದ ಅಪ್ಪ ನೆನಪಾಗಿ ಎತ್ತಿದ ತಂಬಿಗೆ ಕೈಯಲ್ಲೇ ಉಳಿಯಿತು.

ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಹೇಗೋ ಹೇಳಿದೆ. "ಕಾಕಾ, ಅವತ್ತು ನಾನು ಬಿಳಿ ಅಂದ್ನಲ್ಲ, ನೋಡಿ ಅಂದ್ನೋ, ಅಪ್ಪನ್ನ ಉಳಿಸಾಕ ಅಂದ್ನೋ, ನಂಗ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ."

"ಹಂಗಾದ್ರ ಕಣ್ಣು ಮುಚ್ಚಿಕೊಂಡ ಖರೇ ಹೇಳಿದಿ ನೀನು" ಎಂದ ಕಾಕ. "ಅವತ್ತು ಸ್ಟೇಷನ್ ಕಡಿ ಇದ್ದದ್ದು ಬಿಳೀನ."

ಎದೆ ಹಗುರವಾಯಿತು. ಅದು ಒಂದು ಕ್ಷಣ ಮಾತ್ರ.

"ಆದ್ರ ಆ ವರ್ಷ ಬಿಳಿ ನಿಮ್ಮಪ್ಪಂದು."

ನನಗೆ ತಿಳಿಯಲಿಲ್ಲ.

"ನೀನ ಅಲ್ಲೇನು ಬಣ್ಣಾ ಬಳದಾಕಿ? ಅದಲು ಬದಲು ಬಳದಿದ್ದಿ. ಅವನ ತುದಿಗೆ ಸುಣ್ಣ, ನನ್ನ ತುದಿಗೆ ಕೆಮ್ಮಣ್ಣು. ನಾವಿಬ್ರೂ ನೋಡಿ ನಕ್ಕೋತ ಕುಂತ್ವಿ. ಕೂಸು ಹಚ್ಚೇತಿ, ಇರಲಿ ಬಿಡಲೇ, ಒಂದು ವರ್ಷ ನೀನು ಬಿಳಿ ನಾನು ಕೆಂಪು ಅಂದ್ವಿ. ನಮಗೇನು ಬಣ್ಣಾ ಬೇಕಾಗಿದ್ದಿಲ್ಲ, ಯಾವ ಗಳ ಯಾರ್ದು ಅಂತ ಕೈಗೆ ಗೊತ್ತಿತ್ತು. ಸಾಹೇಬಗ ಗೊತ್ತಿದ್ದಿಲ್ಲ, ಅವ ಗೋಡಿ ಮ್ಯಾಗಿಂದು ಓದಿದ."

ಭೂಗೋಳದ ಟೀಚರು ನಾನು. ಒಂಬತ್ತನೇ ವರ್ಷಕ್ಕೇ ಬಲ ಎಡ ತಪ್ಪಿಸಿ ಬಳಿದಿದ್ದೆ. ಅಂದರೆ ಸೇತುವೆ ನನ್ನ ತಲೆ ಕೆಡಿಸಿತು ಎಂದು ಇಷ್ಟು ವರ್ಷ ಸೇತುವೆಯ ಮೇಲೆ ಹಾಕಿದ ಆರೋಪವೂ ಸುಳ್ಳು. ನನ್ನ ತಲೆ ಮೊದಲೇ ಹೀಗಿತ್ತು. ನಾನು ಸುಳ್ಳು ಹೇಳಲು ಹೋಗಿದ್ದರೂ ನಿಜವನ್ನೇ ಹೇಳಿದ್ದೆ, ಆ ನಿಜದಿಂದ ತಪ್ಪು ಮನುಷ್ಯನಿಗೆ ಶಿಕ್ಷೆಯಾಗಿತ್ತು. ಇದನ್ನು ಯಾವ ಕಡೆಯಿಂದ ಹಿಡಿದು ನೋಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

"ಅಪ್ಪ ಯಾಕ ಕೀಲ ಹಾಕ್ಲಿಲ್ಲ ಕಾಕಾ? ಅಪ್ಪ ಮರಿಯಾವ ಅಲ್ಲ."

ಕಾಕ ಕೋಲಿನ ತುದಿಯಿಂದ ನೆಲವನ್ನು ಕೆರೆದ. ಹೇಳಬಾರದೆಂದು ಇತ್ತೋ ಏನೋ. "ನಿಂಗ ಚಕ್ಕರ್ ಬಂದು ಹಲಗಿ ಮ್ಯಾಲಿಂದ ಗುಂಡ್ಯಾಗ ವಾಲಿದ್ದಿ. ಅವ ಕೀಲ ಬಿಟ್ಟು, ಕೈ ಎತ್ತಿ, 'ರೇಣೀ' ಅಂತ ಓಡಿದ. ಕೈ ಎತ್ತಿದ್ದು ನೋಡಿ ಡ್ರೈವರ್ ಇಂಜಿನ್ ಬಿಟ್ಟ."

ಚಿಗವ್ವ ಒಲೆಯ ಮುಂದೆ ಚಹಾ ಸೋಸುತ್ತಿದ್ದವಳು ಸೋಸುವುದನ್ನು ನಿಲ್ಲಿಸಿದ್ದಳು.

"ನೀನು ಯಾಕ ಹೇಳ್ಲಿಲ್ಲ?"

"ಹೇಳಿದ್ರ ಕೂಸು ಸೇತುವಿ ಮ್ಯಾಗಿತ್ತು ಅನ್ನೂದು ಬರ್ತಿತ್ತು. ದುರುಗನ ನೌಕರಿನ ಹೋಗ್ತಿತ್ತು. ಗ್ಯಾಂಗಿಗೆ ಹಾಕೂದು ಅಲ್ಲ, ಮನಿಗೇ ಕಳಿಸ್ತಿದ್ರು. ನಂಗ ಬರೇ ಗ್ಯಾಂಗು." ಕಾಕ ಅದನ್ನು ತರಕಾರಿ ಕೊಂಡ ಸುದ್ದಿ ಹೇಳಿದಂತೆ ಹೇಳಿದ. "ಒಂದು ಸಲ ಬಂದಿದ್ದ ನಿಮ್ಮಪ್ಪ, ಗ್ಯಾಂಗಿನ ಗುಡಿಸಲಿಗೆ. ಸಾಹೇಬಗ ಹೋಗಿ ಹೇಳ್ತೀನಲೇ ಅಂದ. ಸುಮ್ಕಿರಲೇ, ಕೂಸನ್ನ ಮತ್ತ ಕರಸ್ತಾರ, ಅದು ಏನ್ ಹೇಳೀತು ಅಂದೆ. ಕುಂತು ಅತ್ತು ಹೋದ. ಆಮ್ಯಾಲ ಬರ್ಲಿಲ್ಲ. ನಾನೂ ಹೋಗ್ಲಿಲ್ಲ. ನನ್ನ ನೋಡಿದ್ರ ಅವಗ ತ್ರಾಸ ಆಗ್ತಿತ್ತು."

ಕಾಲು ಹಿಡಿಯಬೇಕೆಂದು ಬಂದಿದ್ದೆನಲ್ಲ, ಬಾಗಿದೆ. ಕಾಕ ಕಾಲು ಎಳೆದುಕೊಂಡ. "ಏ, ಆ ಕಾಲಿಗೆ ಎಣ್ಣಿ ಹಚ್ಚೀನಿ, ಮುಟ್ಟಬ್ಯಾಡ" ಎಂದ. ಅಳುತ್ತ ಅಳುತ್ತ ನಗು ಬಂತು.

ಚಿಗವ್ವ ಚಹಾ ತಂದು ಇಬ್ಬರ ಮುಂದೆಯೂ ಇಟ್ಟಳು. ಅವಳ ಮುಖ ನನಗೆ ಓದಲು ಬರಲಿಲ್ಲ. ಸಿಟ್ಟೋ, ದುಃಖವೋ, ಎರಡೂ ಅದಲು ಬದಲಾಗಿತ್ತೋ. ಗಂಡನ ಎದುರು ಕೂತು ಒಂದೇ ಮಾತು ಕೇಳಿದಳು. "ನಂಗರ ಹೇಳಬಾರ್ದಿತ್ತೇನ್ರಿ?"

"ನಿಂಗ ಹೇಳಿದ್ರ ಓಣಿಗೆಲ್ಲ ಹೇಳ್ತಿದ್ದಿ."

"ಹೂಂ, ಹೇಳ್ತಿದ್ದೆ" ಎಂದಳು ಚಿಗವ್ವ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆಮೇಲೆ ನಾವು ಏನೇನೋ ಮಾತಾಡಿದೆವು. ಅಪ್ಪನ ಕಾಯಿಲೆ, ನನ್ನ ಮಗಳ ಓದು, ಸೇತುವೆ ಸಮುದ್ರದಿಂದ ಬಂದದ್ದು ನಿಜವೋ ಸುಳ್ಳೋ. ಅದು ಖಂಡಿತ ಮದರಾಸಿನದು ಎಂದು ಕಾಕ ಒಮ್ಮೆ ಹೇಳಿದ. ಸ್ವಲ್ಪ ಹೊತ್ತಿಗೆ ಬೊಂಬಾಯಿ ಎಂದ.

ಹೊರಡುವಾಗ ಬಸ್ ನಿಲ್ದಾಣದ ದಾರಿಯನ್ನು ಕಾಕ ನಾಲ್ಕು ಸಲ ಹೇಳಿದ. ನಾನು ನಾಲ್ಕು ಸಲವೂ ತಲೆ ಆಡಿಸಿದೆ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದೆ ಬಾಗಿಲು ಮುಚ್ಚಿತು. ಚಿಲಕದ ಸದ್ದು ಕೇಳಿತು. ನಾನು ಅಲ್ಲೇ ನಿಂತೆ, ಚಿಗವ್ವನ ಪ್ರಶ್ನೆ ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರಲಿಲ್ಲ. ಕೊನೆಗೆ ಕಾಕನ ದನಿಯೇ ಕೇಳಿತು, ಸ್ವಲ್ಪ ಗಾಬರಿಯಿಂದ.

"ಯಾಕಬೇ, ಇವತ್ತು ಕೇಳವಲ್ಲಿ? ಚಿಲಕ ಹಾಕಿದ್ರ್ಯಾ ಅಂತ ಕೇಳು."

"ನೀವು ಹಾಕಿರ್ತೀರಿ ಬಿಡ್ರಿ" ಎಂದಳು ಚಿಗವ್ವ.